ನ್ಯಾಯಾಂಗವೂ ಜನರ ಪ್ರತಿನಿಧಿಯೆ? ಪದೇ ಪದೇ ಕೇಳುವ ಪ್ರಶ್ನೆಗಳು

ಜನಪ್ರತಿನಿಧಿ ಎಂದ ಕೂಡಲೇ ನಮ್ಮ ಕಣ್ಣಮುಂದೆ ಬರುವವರು ಶಾಸಕರು, ಸಂಸದರು, ಹೆಚ್ಚೆಂದರೆ ಗ್ರಾಮ ಪಂಚಾಯಿತಿಯ ಸದಸ್ಯರು. ಕಪ್ಪು ಗೌನು ತೊಟ್ಟು ಪೀಠದಲ್ಲಿ ಕೂತವರನ್ನು ಯಾರೂ ಆ ಹೆಸರಿನಿಂದ ಕರೆಯುವುದಿಲ್ಲ. ಆದರೂ ಕಳೆದ ನಾಲ್ಕೈದು ದಶಕಗಳಲ್ಲಿ, ಶಾಲೆಯ ಬಿಸಿಯೂಟದಿಂದ ಹಿಡಿದು ಬಳ್ಳಾರಿಯ ಗಣಿಗಳವರೆಗೆ ಅನೇಕ ವಿಷಯಗಳಲ್ಲಿ ಜನರು ವಿಧಾನಸೌಧದ ಬಾಗಿಲು ತಟ್ಟಿ ಸಾಕಾಗಿ, ರಸ್ತೆ ದಾಟಿ ಎದುರಿನ ಕೆಂಪು ಕಟ್ಟಡದೊಳಕ್ಕೆ ಹೋಗಿದ್ದಾರೆ. ಹಾಗೆ ಹೋದವರಿಗೆ ಅಲ್ಲಿ ಸಿಕ್ಕದ್ದು ಏನು, ಸಿಗದೇ ಹೋದದ್ದು ಏನು ಎಂಬ ಬಗ್ಗೆ ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಲಾಗಿದೆ.

ಚುನಾವಣೆಯನ್ನೇ ಎದುರಿಸದ ನ್ಯಾಯಮೂರ್ತಿಗಳು ಜನರನ್ನು ಪ್ರತಿನಿಧಿಸುತ್ತಾರೆ ಎಂದರೆ ಏನರ್ಥ?

ಒಬ್ಬರ ಪರವಾಗಿ ಇನ್ನೊಬ್ಬರು ನಿಲ್ಲುವುದು ಎರಡು ಬಗೆಯಲ್ಲಿ ಸಾಧ್ಯ. ಒಂದು, ಆರಿಸಿ ಕಳಿಸುವುದು: ಮತ ಹಾಕುತ್ತೇವೆ, ಐದು ವರ್ಷಕ್ಕೊಮ್ಮೆ ಲೆಕ್ಕ ಕೇಳುತ್ತೇವೆ. ಇನ್ನೊಂದು, ನಮ್ಮ ಅಹವಾಲನ್ನು ಪೂರ್ತಿ ಕೇಳಿಸಿಕೊಂಡು, ನಾವೆಲ್ಲ ಒಪ್ಪಿಕೊಂಡ ಸಂವಿಧಾನದ ಮಾತಿನಲ್ಲೇ ಕಾರಣ ಕೊಟ್ಟು ತೀರ್ಮಾನಿಸುವುದು. ನ್ಯಾಯಾಂಗಕ್ಕೆ ಸಲ್ಲುವುದು ಈ ಎರಡನೆಯ ಬಗೆ. ಶಾಸಕರ ಕಚೇರಿಗೆ ಕೊಟ್ಟ ಮನವಿಪತ್ರಕ್ಕೆ ಉತ್ತರ ಬರಲೇಬೇಕೆಂಬ ನಿಯಮ ಎಲ್ಲಿಯೂ ಇಲ್ಲ. ನ್ಯಾಯಾಲಯದಲ್ಲಿ ಮಾತ್ರ ಅರ್ಜಿಗೆ ನಂಬರು ಬಿದ್ದ ಮೇಲೆ ಅದು ಪೀಠದ ಮುಂದೆ ಬರಲೇಬೇಕು, ಅರ್ಜಿದಾರನ ಮಾತನ್ನು ಕೇಳಲೇಬೇಕು, ಅರ್ಜಿಯನ್ನು ವಜಾ ಮಾಡುವುದಾದರೂ ಏಕೆ ವಜಾ ಎಂದು ಆದೇಶದಲ್ಲಿ ಹೇಳಬೇಕು. ಅರ್ಜಿದಾರ ಒಬ್ಬನೇ ಇದ್ದು ಎದುರಿಗೆ ಇಡೀ ರಾಜ್ಯ ಸರ್ಕಾರವೇ ಇದ್ದರೂ ಈ ಕ್ರಮ ಬದಲಾಗುವುದಿಲ್ಲ.

ಕನ್ನಡದಲ್ಲಿ ನಾವು ದಿನವೂ ಬಳಸುವ ‘ವಕೀಲ’ ಎಂಬ ಪದದಲ್ಲಿಯೇ ಪ್ರಾತಿನಿಧ್ಯ ಅಡಗಿದೆ. ಹೈದರಾಲಿ ಮತ್ತು ಟಿಪ್ಪುವಿನ ಕಾಲದಲ್ಲಿ ಪುಣೆಗೋ ಹೈದರಾಬಾದಿಗೋ ಮೈಸೂರಿನ ಪರವಾಗಿ ಮಾತನಾಡಲು ಹೋಗುತ್ತಿದ್ದ ರಾಯಭಾರಿಯನ್ನು ವಕೀಲನೆಂದೇ ಕರೆಯುತ್ತಿದ್ದರು. ಈಗ ಕಕ್ಷಿದಾರ ಸಹಿ ಹಾಕಿಕೊಡುವ ವಕಾಲತ್ತು ಕೂಡ ‘ನನ್ನ ಪರವಾಗಿ ನೀವು ಮಾತನಾಡಿ’ ಎಂದು ಕೊಡುವ ಅಧಿಕಾರಪತ್ರವೇ.

ಈ ವಿಚಾರವನ್ನು ಮೊದಲು ಹೇಳಿದವರು ಯಾರು?

ಜರ್ಮನಿಯ ನ್ಯಾಯಶಾಸ್ತ್ರಜ್ಞ ರಾಬರ್ಟ್ ಅಲೆಕ್ಸಿ, ಸಂಸತ್ತಿನದು ಮತದ ಮೂಲಕ ಬಂದ ಪ್ರಾತಿನಿಧ್ಯವಾದರೆ ಸಾಂವಿಧಾನಿಕ ನ್ಯಾಯಾಲಯದ್ದು ವಾದದ ಮೂಲಕ ಬರುವ ಪ್ರಾತಿನಿಧ್ಯ ಎಂದು ವಿವರಿಸಿದರು. ಬ್ರೆಜಿಲ್‌ನ ಸರ್ವೋಚ್ಚ ನ್ಯಾಯಾಲಯದಲ್ಲಿ ನ್ಯಾಯಮೂರ್ತಿಯಾಗಿದ್ದ ಲೂಯಿಸ್ ರೋಬೆರ್ಟೊ ಬರೋಸೊ, ನ್ಯಾಯಾಲಯಗಳು ಬಹುಮತಕ್ಕೆ ತಡೆಯೊಡ್ಡುವುದರ ಜೊತೆಗೆ, ಸಂಸತ್ತು ಕೇಳಿಸಿಕೊಳ್ಳದ ಜನಾಭಿಪ್ರಾಯವನ್ನು ಪ್ರತಿನಿಧಿಸುವ ಕೆಲಸವನ್ನೂ ಮಾಡುತ್ತವೆ ಎಂದು ಪ್ರತಿಪಾದಿಸಿದರು. ಆ ಸಿದ್ಧಾಂತಕ್ಕೆ ಬೇಕಾದ ಉದಾಹರಣೆಗಳು ನಮ್ಮ ದೇಶದಲ್ಲೇ ಧಾರಾಳವಾಗಿ ಸಿಗುವುದರಿಂದ ಮುಂದಿನ ಉತ್ತರಗಳು ಭಾರತಕ್ಕೆ ಸೀಮಿತವಾಗಿವೆ.

ನಮ್ಮ ಸಂವಿಧಾನದಲ್ಲಿ ಹೀಗೆಂದು ಬರೆದಿದೆಯೆ?

ಈ ಮಾತುಗಳಲ್ಲಿ ಬರೆದಿಲ್ಲ. ಮೂಲಭೂತ ಹಕ್ಕುಗಳಿಗೆ ವಿರುದ್ಧವಾದ ಕಾನೂನು ಊರ್ಜಿತವಲ್ಲ ಎಂದು 13ನೇ ವಿಧಿ ಹೇಳುತ್ತದೆ. ಹಕ್ಕಿಗೆ ಧಕ್ಕೆ ಬಂದಾಗ ನೇರವಾಗಿ ಸುಪ್ರೀಂ ಕೋರ್ಟಿಗೆ ಹೋಗಲು 32ನೇ ವಿಧಿ ಅವಕಾಶ ಕೊಟ್ಟರೆ, ಹೈಕೋರ್ಟಿಗೆ ಹೋಗಲು 226ನೇ ವಿಧಿಯಿದೆ. 32ನೇ ವಿಧಿಯನ್ನು ಸಂವಿಧಾನದ ಹೃದಯ, ಆತ್ಮ ಎಂದು ಅಂಬೇಡ್ಕರ್ ಅವರು 1948ರ ಡಿಸೆಂಬರಿನಲ್ಲಿ ಸಂವಿಧಾನ ಸಭೆಯಲ್ಲಿ ಬಣ್ಣಿಸಿದ್ದರು. ಉಳಿದದ್ದೆಲ್ಲ ಈ ವಿಧಿಗಳನ್ನು ಬಳಸುತ್ತ ಬಳಸುತ್ತ ಬೆಳೆದು ಬಂದದ್ದು.

ಜನರೇ ಆರಿಸಿದ ಸಂಸತ್ತು ಇರುವಾಗ, ಜನರ ಮಾತನ್ನು ಹೇಳಲು ನ್ಯಾಯಾಲಯ ಏಕೆ ಬೇಕು?

ಆರಿಸಿ ಬಂದವರೆಲ್ಲರ ಹಿತ ಒಂದು ಕಡೆ, ಆರಿಸಿದವರ ಹಿತ ಇನ್ನೊಂದು ಕಡೆ ಆಗುವ ಸಂದರ್ಭಗಳಿವೆ. ಅಭ್ಯರ್ಥಿಗಳ ಅಫಿಡವಿಟ್ಟಿನ ಕಥೆ ಇದಕ್ಕೆ ಒಳ್ಳೆಯ ನಿದರ್ಶನ. ಇಂದು ಚುನಾವಣೆ ಬಂತೆಂದರೆ ಯಾವ ಅಭ್ಯರ್ಥಿಗೆ ಎಷ್ಟು ಆಸ್ತಿ, ಎಷ್ಟು ಸಾಲ, ಹೆಂಡತಿಯ ಹೆಸರಿನಲ್ಲಿ ಎಷ್ಟು ತೊಲ ಚಿನ್ನ, ಎಷ್ಟು ಕ್ರಿಮಿನಲ್ ಮೊಕದ್ದಮೆ ಎಂದು ಪತ್ರಿಕೆಗಳಲ್ಲಿ ಸಾಲುಸಾಲಾಗಿ ಓದುತ್ತೇವೆ. ಈ ಮಾಹಿತಿ ಸಂಸತ್ತು ತಾನಾಗಿ ಕೊಟ್ಟದ್ದಲ್ಲ. ಅಸೋಸಿಯೇಷನ್ ಫಾರ್ ಡೆಮಾಕ್ರಟಿಕ್ ರಿಫಾರ್ಮ್ಸ್ ಸಂಸ್ಥೆ ಹೂಡಿದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 2002ರ ಮೇ 2ರಂದು, ಅಭ್ಯರ್ಥಿಯ ಹಿನ್ನೆಲೆ ತಿಳಿಯುವುದು ಮತದಾರನ ಹಕ್ಕು ಎಂದು ತೀರ್ಪು ನೀಡಿತು. ಬೇರಾವುದಕ್ಕೂ ಒಮ್ಮತಕ್ಕೆ ಬಾರದ ಪಕ್ಷಗಳು ಈ ತೀರ್ಪನ್ನು ವಿರೋಧಿಸಲು ಮಾತ್ರ ಒಂದಾದವು. ಆಗಸ್ಟ್‌ನಲ್ಲಿ ಸುಗ್ರೀವಾಜ್ಞೆ ಬಂತು. ಬಳಿಕ ಪ್ರಜಾಪ್ರತಿನಿಧಿ ಕಾಯ್ದೆಗೆ 33ಬಿ ಎಂಬ ಹೊಸ ಕಲಮು ಸೇರಿ, ನ್ಯಾಯಾಲಯ ಏನೇ ಹೇಳಿರಲಿ, ಕಾಯ್ದೆಯಲ್ಲಿ ಇರುವುದಕ್ಕಿಂತ ಹೆಚ್ಚಿನ ಮಾಹಿತಿಯನ್ನು ಅಭ್ಯರ್ಥಿ ಕೊಡಬೇಕಾಗಿಲ್ಲ ಎಂದಾಯಿತು. 2003ರ ಮಾರ್ಚ್ 13ರಂದು ನ್ಯಾಯಾಲಯ ಆ ಕಲಮನ್ನೇ ಹೊಡೆದುಹಾಕಿತು.

ಇಲ್ಲಿ ಬಹುಮತ ಯಾರ ಕಡೆಗಿತ್ತು? ಸಂಸತ್ತಿನ ಒಳಗೆ ಎಣಿಸಿದರೆ ಪಕ್ಷಗಳ ಕಡೆಗೆ, ಹೊರಗೆ ಎಣಿಸಿದರೆ ಅರ್ಜಿದಾರರ ಕಡೆಗೆ. ಶಿಕ್ಷೆಗೊಳಗಾದ ಶಾಸಕ, ಸಂಸದರು ಮೇಲ್ಮನವಿಯ ನೆಪದಲ್ಲಿ ಸ್ಥಾನ ಉಳಿಸಿಕೊಳ್ಳುವುದನ್ನು ನಿಲ್ಲಿಸಿದ 2013ರ ಲಿಲಿ ಥಾಮಸ್ ತೀರ್ಪು, ಚುನಾವಣಾ ಬಾಂಡ್ ಯೋಜನೆಯನ್ನು ಅಸಾಂವಿಧಾನಿಕವೆಂದು ಸಾರಿದ 2024ರ ಫೆಬ್ರುವರಿ 15ರ ತೀರ್ಪು ಇವೆರಡೂ ಇದೇ ಸಾಲಿಗೆ ಸೇರುತ್ತವೆ.

ಕರ್ನಾಟಕದಲ್ಲಿ ಹೀಗೆ ನಡೆದದ್ದುಂಟೆ?

ಉಂಟು, ಬಳ್ಳಾರಿಯ ಗಣಿ ಪ್ರಕರಣವೇ ಸಾಕು. ಚೀನಾದ ಬೇಡಿಕೆಯಿಂದ ಕಬ್ಬಿಣದ ಅದಿರಿನ ಬೆಲೆ ಏರಿದ ವರ್ಷಗಳಲ್ಲಿ ಸಂಡೂರು, ಹೊಸಪೇಟೆಯ ರಸ್ತೆಗಳಲ್ಲಿ ಓಡಾಡಿದವರಿಗೆ ಆ ದಿನಗಳು ನೆನಪಿರುತ್ತವೆ: ಮೈಲುದ್ದ ನಿಂತ ಲಾರಿಗಳು, ಅವುಗಳ ಹಿಂದೆ ಏಳುವ ಕೆಂಪು ಧೂಳು, ಆ ಧೂಳು ಕೂತು ಬಣ್ಣಗೆಟ್ಟ ಜೋಳದ ತೆನೆ, ಒಣಹಾಕಿದ ಬಟ್ಟೆ, ಶಾಲೆಯ ಗೋಡೆ. ದೂರು ಕೊಡುವುದಾದರೂ ಯಾರಿಗೆ? ಗಣಿಯ ಹಣವೇ ಸರ್ಕಾರಗಳನ್ನು ಕಟ್ಟುತ್ತದೆ, ಕೆಡವುತ್ತದೆ ಎಂಬ ಮಾತು ಆಗ ಪ್ರತಿ ಚಹಾದಂಗಡಿಯಲ್ಲೂ ಕೇಳಿಬರುತ್ತಿತ್ತು. ಬೇಲೆಕೇರಿ ಬಂದರಿನಲ್ಲಿ ಸರ್ಕಾರವೇ ಜಪ್ತಿ ಮಾಡಿಟ್ಟಿದ್ದ ಅದಿರು ಕೂಡ ಕಾಣೆಯಾಯಿತು.

ಧಾರವಾಡದ ಎಸ್.ಆರ್. ಹಿರೇಮಠ ಅವರ ಸಮಾಜ ಪರಿವರ್ತನ ಸಮುದಾಯವು 2009ರಲ್ಲಿ ಸುಪ್ರೀಂ ಕೋರ್ಟಿಗೆ ಅರ್ಜಿ ಹಾಕಿತು. ಲೋಕಾಯುಕ್ತರಾಗಿದ್ದ ನ್ಯಾಯಮೂರ್ತಿ ಎನ್. ಸಂತೋಷ್ ಹೆಗ್ಡೆ ಅವರು 2011ರ ಜುಲೈ 27ರಂದು ವರದಿ ಕೊಟ್ಟರು, ಅದಾಗಿ ಎರಡೇ ದಿನಕ್ಕೆ ಬಳ್ಳಾರಿ ಜಿಲ್ಲೆಯಲ್ಲಿ ಗಣಿಗಾರಿಕೆಯನ್ನು ನಿಲ್ಲಿಸಲು ಸುಪ್ರೀಂ ಕೋರ್ಟು ಆದೇಶಿಸಿತು. ಆಗಸ್ಟ್‌ನಲ್ಲಿ ಆ ನಿಷೇಧ ಚಿತ್ರದುರ್ಗ, ತುಮಕೂರು ಜಿಲ್ಲೆಗಳಿಗೂ ವಿಸ್ತರಿಸಿತು. ಬಳಿಕ ಗುತ್ತಿಗೆಗಳನ್ನು ಅಕ್ರಮದ ಪ್ರಮಾಣಕ್ಕೆ ತಕ್ಕಂತೆ ಎ, ಬಿ, ಸಿ ಎಂದು ವಿಂಗಡಿಸಲಾಯಿತು. 2013ರ ಏಪ್ರಿಲ್ 18ರ ತೀರ್ಪಿನಲ್ಲಿ ಸಿ ವರ್ಗದವು ರದ್ದಾದವು. ಮೂರೂ ಜಿಲ್ಲೆ ಸೇರಿ ವರ್ಷಕ್ಕೆ ಮೂರು ಕೋಟಿ ಟನ್ನಿಗಿಂತ ಹೆಚ್ಚು ಅದಿರು ತೆಗೆಯಕೂಡದೆಂಬ ಮಿತಿಯೂ ಬಂತು.

ಈ ಕಥೆಗೆ ಇನ್ನೊಂದು ಮುಖವಿದೆ, ಅದನ್ನು ಮುಚ್ಚಿಡುವುದು ಸರಿಯಲ್ಲ. ಕೆಲಸ ನಿಂತ ದಿನವೇ ಗಣಿ ಕೂಲಿಗಳ ಕೂಲಿಯೂ ನಿಂತಿತು. ಸಾಲ ಮಾಡಿ ಲಾರಿ ಕೊಂಡವರು ಕಂತು ಕಟ್ಟಲಾಗದೆ ಒದ್ದಾಡಿದರು. ದಿಲ್ಲಿಯ ಆ ಪೀಠದ ಮುಂದೆ ಗಣಿ ಮಾಲೀಕರಿಗೆ ದೇಶದ ಹೆಸರಾಂತ ವಕೀಲರಿದ್ದರು, ಪರಿಸರದ ಪರವಾಗಿ ಅರ್ಜಿದಾರರಿದ್ದರು. ಕ್ಲೀನರ್ ಹುಡುಗನ ವಕಾಲತ್ತು ಯಾರ ಕೈಯಲ್ಲಿತ್ತು ಎಂದು ಕೇಳಿದರೆ ಉತ್ತರಿಸುವುದು ಕಷ್ಟ. ನ್ಯಾಯಾಲಯ ಜನರನ್ನು ಪ್ರತಿನಿಧಿಸುತ್ತದೆ ಎನ್ನುವಾಗ ಎಲ್ಲ ಜನರನ್ನೂ ಒಂದೇ ಸಲಕ್ಕೆ ಪ್ರತಿನಿಧಿಸಲಾರದು ಎಂಬುದನ್ನು ನೆನಪಿಟ್ಟಿರಬೇಕು.

ಮತದಾನದ ಹಕ್ಕೇ ಇಲ್ಲದವರ ಮಾತೇನು?

ಮಕ್ಕಳಿಗೆ ಮತವಿಲ್ಲ, ಹಸಿದ ಮಕ್ಕಳಿಗಂತೂ ಮೆರವಣಿಗೆ ಮಾಡುವ ತ್ರಾಣವೂ ಇರುವುದಿಲ್ಲ. 2001ರಲ್ಲಿ ರಾಜಸ್ಥಾನದಲ್ಲಿ ಬರ ಬಿದ್ದಿತ್ತು, ಜೈಪುರದ ಬಳಿಯ ಗೋದಾಮುಗಳಲ್ಲಿ ಸರ್ಕಾರದ ಧಾನ್ಯ ಕೊಳೆಯುತ್ತಿತ್ತು. ಪೀಪಲ್ಸ್ ಯೂನಿಯನ್ ಫಾರ್ ಸಿವಿಲ್ ಲಿಬರ್ಟೀಸ್ ಸಂಘಟನೆ ಈ ವೈಪರೀತ್ಯವನ್ನು ಸುಪ್ರೀಂ ಕೋರ್ಟಿನ ಮುಂದಿಟ್ಟಿತು. ಅದೇ ವರ್ಷ ನವೆಂಬರ್ 28ರಂದು ಬಂದ ಆದೇಶ ಬಹಳ ಸ್ಪಷ್ಟವಾಗಿತ್ತು: ಸರ್ಕಾರಿ ಮತ್ತು ಅನುದಾನಿತ ಪ್ರಾಥಮಿಕ ಶಾಲೆಗಳ ಪ್ರತಿ ಮಗುವಿಗೆ ಬೇಯಿಸಿದ ಊಟ ಕೊಡಬೇಕು, ಅದರಲ್ಲಿ ಕನಿಷ್ಠ 300 ಕ್ಯಾಲೊರಿ ಹಾಗೂ 8ರಿಂದ 12 ಗ್ರಾಂ ಪ್ರೋಟೀನ್ ಇರಬೇಕು, ವರ್ಷದಲ್ಲಿ ಕನಿಷ್ಠ 200 ದಿನ ಕೊಡಬೇಕು. ಅದಕ್ಕೂ ಮೊದಲು ನಮ್ಮಲ್ಲಿ ಮಕ್ಕಳ ಕೈಗೆ ತಿಂಗಳಿಗೆ ಮೂರು ಕಿಲೊ ಅಕ್ಕಿ ಕೊಡುತ್ತಿದ್ದರು. ಚೀಲ ಮನೆ ಸೇರುತ್ತಿತ್ತು, ಮಧ್ಯಾಹ್ನದ ಹೊತ್ತು ಮಗುವಿನ ಹೊಟ್ಟೆ ಖಾಲಿಯೇ ಇರುತ್ತಿತ್ತು. ಅಕ್ಷರ ದಾಸೋಹ 2002ರಲ್ಲಿ ಈಶಾನ್ಯ ಜಿಲ್ಲೆಗಳಲ್ಲಿ ಶುರುವಾಗಿ ಮರುವರ್ಷ ಉಳಿದ ಕಡೆಗೂ ಬಂತು. ಶಾಲೆಯ ಜಗಲಿಯಲ್ಲಿ ಮಕ್ಕಳು ಸಾಲಾಗಿ ಕೂತು, ತಟ್ಟೆಗೆ ಅನ್ನ ಸಾಂಬಾರು ಬೀಳುವುದನ್ನೇ ಕಾಯುವ ದೃಶ್ಯ ಈಗ ಯಾವ ಊರಿನಲ್ಲೂ ಹೊಸದಲ್ಲ. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆ ಈ ಊಟವನ್ನು ಸಂಸತ್ತಿನದೇ ಕಾನೂನನ್ನಾಗಿ ಮಾಡಿತು.

ಅಲ್ಪಸಂಖ್ಯಾತರ ರಕ್ಷಣೆ, ಜನರ ಪ್ರಾತಿನಿಧ್ಯ ಎರಡೂ ಒಂದೇ ಅಲ್ಲವೆ?

ಒಂದೇ ಅಲ್ಲ. ಅಫಿಡವಿಟ್ಟಿನ ಪ್ರಕರಣದಲ್ಲಿ ನ್ಯಾಯಾಲಯ ಬಹುಜನರ ಬೆನ್ನಿಗೆ ನಿಂತಿತು. ಬಹುಜನರಿಗೆ ಇಷ್ಟವಾಗಲಿ, ಬಿಡಲಿ, ಕೆಲವರ ಹಕ್ಕಿನ ಪರ ನಿಲ್ಲಬೇಕಾಗಿ ಬರುವುದು ಬೇರೆಯೇ ಸಂದರ್ಭ. ಈ ಎರಡನೆಯ ಕೆಲಸವನ್ನು ನ್ಯಾಯಾಲಯ ಯಾವಾಗಲೂ ಧೈರ್ಯದಿಂದ ಮಾಡಿದೆ ಎನ್ನುವಂತಿಲ್ಲ. ಸಲಿಂಗ ಸಂಬಂಧವನ್ನು ಅಪರಾಧವೆಂದಿದ್ದ ದಂಡ ಸಂಹಿತೆಯ 377ನೇ ಕಲಮಿನ ವಿಷಯದಲ್ಲಿ 2013ರಲ್ಲಿ ಸುಪ್ರೀಂ ಕೋರ್ಟು, ಲೈಂಗಿಕ ಅಲ್ಪಸಂಖ್ಯಾತರು ಜನಸಂಖ್ಯೆಯ ಅತ್ಯಲ್ಪ ಭಾಗ ಎಂಬುದನ್ನೇ ಒಂದು ಕಾರಣವಾಗಿ ಎತ್ತಿ ಹೇಳಿತು. ತಲೆ ಎಣಿಸುವುದು ಚುನಾವಣಾಧಿಕಾರಿಯ ಕೆಲಸ. ಹಕ್ಕಿನ ಮೊಕದ್ದಮೆಯಲ್ಲಿ ಆ ಎಣಿಕೆಗೆ ಜಾಗವಿಲ್ಲ ಎಂದು ಒಪ್ಪಲು 2018ರ ಸೆಪ್ಟೆಂಬರ್ 6ರವರೆಗೆ, ಐವರು ನ್ಯಾಯಮೂರ್ತಿಗಳ ಪೀಠದ ತೀರ್ಪಿನವರೆಗೆ, ಕಾಯಬೇಕಾಯಿತು. ಲಿಂಗತ್ವ ಅಲ್ಪಸಂಖ್ಯಾತರನ್ನು ಮೂರನೆಯ ಲಿಂಗವೆಂದು ಮಾನ್ಯ ಮಾಡಿದ ತೀರ್ಪು 2014ರಲ್ಲೇ ಬಂದಿತ್ತು. ಅದನ್ನು ಆಧರಿಸಿ ಕರ್ನಾಟಕ ಹೈಕೋರ್ಟಿನಲ್ಲಿ ನಡೆದ ಮೊಕದ್ದಮೆಯ ಫಲವಾಗಿ, 2021ರಲ್ಲಿ ರಾಜ್ಯ ಸರ್ಕಾರ ನೇಮಕಾತಿ ನಿಯಮಗಳನ್ನು ತಿದ್ದಿ ಶೇ 1ರಷ್ಟು ಮೀಸಲಾತಿ ಕೊಟ್ಟಿತು. ದೇಶದಲ್ಲೇ ಅದು ಮೊದಲು.

ಸಾರ್ವಜನಿಕ ಹಿತಾಸಕ್ತಿ ಅರ್ಜಿ ಹಾಕುವವರು ಯಾರ ಪರವಾಗಿ ಮಾತನಾಡುತ್ತಾರೆ?

ನೊಂದವನೇ ಬರಬೇಕು ಎಂಬ ಹಳೆಯ ನಿಯಮವನ್ನು ಸಡಿಲಿಸಿದ್ದು 1979ರ ಹುಸೈನಾರಾ ಖಾತೂನ್ ಪ್ರಕರಣದ ಕಾಲದಿಂದ ಈಚೆಗೆ. ಬಿಹಾರದ ಜೈಲುಗಳಲ್ಲಿ, ಅಪರಾಧ ಸಾಬೀತಾಗಿದ್ದರೆ ಆಗಬಹುದಾಗಿದ್ದ ಶಿಕ್ಷೆಗಿಂತ ಹೆಚ್ಚು ಕಾಲ ವಿಚಾರಣೆಯೇ ಇಲ್ಲದೆ ಕೊಳೆಯುತ್ತಿದ್ದವರ ಬಗ್ಗೆ ಪತ್ರಿಕೆಯಲ್ಲಿ ಬಂದ ಬರಹಗಳನ್ನೇ ಹಿಡಿದು ವಕೀಲೆ ಕಪಿಲಾ ಹಿಂಗೋರಾನಿ ಅರ್ಜಿ ಹಾಕಿದರು. ಪಿ.ಎನ್. ಭಗವತಿ, ವಿ.ಆರ್. ಕೃಷ್ಣ ಅಯ್ಯರ್ ಅವರಂಥ ನ್ಯಾಯಮೂರ್ತಿಗಳು ಒಂದು ಪತ್ರವನ್ನೂ ಅರ್ಜಿಯೆಂದು ಪರಿಗಣಿಸುವಷ್ಟು ಬಾಗಿಲು ತೆರೆದರು.

ತೆರೆದ ಬಾಗಿಲಿನಿಂದ ಎಲ್ಲರೂ ಬರುತ್ತಾರೆ. ಪ್ರಚಾರಕ್ಕಾಗಿ, ಟೆಂಡರ್ ಕೈತಪ್ಪಿದ ಸಿಟ್ಟಿಗಾಗಿ ಹಾಕಿದ ಅರ್ಜಿಗಳಿಗೆ ನ್ಯಾಯಾಲಯಗಳು ದಂಡ ವಿಧಿಸಿದ್ದೂ ಇದೆ. ನನಗೆ ಇದಕ್ಕಿಂತ ಆಳವಾಗಿ ಕಾಣುವ ಸಮಸ್ಯೆ ಬೇರೆ. 1985ರಲ್ಲಿ ಮುಂಬಯಿಯ ಪಾದಚಾರಿ ಮಾರ್ಗದ ನಿವಾಸಿಗಳ ಪ್ರಕರಣದಲ್ಲಿ, ಬದುಕುವ ಹಕ್ಕಿನಲ್ಲಿ ಜೀವನೋಪಾಯದ ಹಕ್ಕೂ ಸೇರಿದೆ ಎಂದ ಅದೇ ಸುಪ್ರೀಂ ಕೋರ್ಟು, 2000ದಲ್ಲಿ ದಿಲ್ಲಿಯ ಕಸದ ಬಗ್ಗೆ ಬಂದ ಹಿತಾಸಕ್ತಿ ಅರ್ಜಿಯೊಂದರಲ್ಲಿ, ಒತ್ತುವರಿದಾರನಿಗೆ ಬದಲಿ ನಿವೇಶನ ಕೊಡುವುದೆಂದರೆ ಜೇಬುಗಳ್ಳನಿಗೆ ಬಹುಮಾನ ಕೊಟ್ಟಂತೆ ಎಂದಿತು. ಎರಡೂ ಸಲ ಚರ್ಚೆಯಾದದ್ದು ಬಡವರ ಗುಡಿಸಲು. ಮೊದಲ ಸಲ ಅರ್ಜಿದಾರರಲ್ಲಿ ಗುಡಿಸಲಿನವರೇ ಇದ್ದರು, ಎರಡನೆಯ ಸಲ ನಗರ ಚೊಕ್ಕಟವಾಗಿರಬೇಕೆಂದು ಬಯಸುವವರಿದ್ದರು. ‘ಸಾರ್ವಜನಿಕ’ ಎಂಬ ಪದದೊಳಗೆ ಯಾರು ಬರುತ್ತಾರೆ ಎನ್ನುವುದು ಅರ್ಜಿ ಬರೆದವರ ಮೇಲೆ ಇಷ್ಟೊಂದು ನಿಂತಿರುವುದು ಆತಂಕದ ವಿಷಯ.

ಆಡಳಿತದ ಕೆಲಸದಲ್ಲಿ ನ್ಯಾಯಾಲಯ ತಲೆಹಾಕುವುದು ಸರಿಯೆ?

ಒಂದೇ ಸೂತ್ರ ಹೇಳುವುದಕ್ಕಿಂತ ಎರಡು ಪ್ರಕರಣ ಪಕ್ಕಪಕ್ಕ ಇಡುವುದು ಲೇಸು. 2021ರ ಮೇ ತಿಂಗಳ ಮೊದಲ ವಾರ ಕೋವಿಡ್ ಎರಡನೇ ಅಲೆ ಏರುತ್ತಿತ್ತು, ಚಾಮರಾಜನಗರದ ಜಿಲ್ಲಾಸ್ಪತ್ರೆಯಲ್ಲಿ ಒಂದೇ ದಿನದೊಳಗೆ 24 ರೋಗಿಗಳು ತೀರಿಕೊಂಡಿದ್ದರು. ರಾಜ್ಯಕ್ಕೆ ಕೇಂದ್ರ ನಿಗದಿ ಮಾಡಿದ್ದ ಆಮ್ಲಜನಕ ದಿನಕ್ಕೆ 965 ಟನ್. ಮೇ 5ರಂದು ಕರ್ನಾಟಕ ಹೈಕೋರ್ಟು ಅದನ್ನು 1200 ಟನ್ನಿಗೆ ಏರಿಸಬೇಕೆಂದು ಆದೇಶಿಸಿತು. ಕೇಂದ್ರ ಸುಪ್ರೀಂ ಕೋರ್ಟಿಗೆ ಹೋಯಿತು. ಎರಡು ದಿನದ ನಂತರ ಅಲ್ಲಿನ ಪೀಠ, ಹೈಕೋರ್ಟಿನ ಆದೇಶ ಅಳೆದು ತೂಗಿ ಮಾಡಿದ್ದು ಎಂದು ಹೇಳಿ ಮಧ್ಯಪ್ರವೇಶಕ್ಕೆ ಒಪ್ಪಲಿಲ್ಲ. ಕೇಳುವವರು, ಉತ್ತರಿಸಬೇಕಾದವರು, ಅಂಕಿಅಂಶ ಮೂರೂ ನ್ಯಾಯಾಲಯದ ಎದುರಿಗಿದ್ದವು.

ಹೆದ್ದಾರಿಯ 500 ಮೀಟರ್ ಒಳಗೆ ಮದ್ಯ ಮಾರಬಾರದು ಎಂಬ 2016ರ ಡಿಸೆಂಬರ್ 15ರ ಆದೇಶವನ್ನು ಇದರ ಪಕ್ಕದಲ್ಲಿಡಿ. ಕುಡಿದು ಗಾಡಿ ಓಡಿಸಿ ಸಾಯುವವರನ್ನು ತಡೆಯುವ ಉದ್ದೇಶ ಒಳ್ಳೆಯದೇ. ಆದರೆ ಆ ಅಳತೆಗೋಲು 2017ರ ಜುಲೈನಲ್ಲಿ ಬೆಂಗಳೂರಿನ ಮಹಾತ್ಮ ಗಾಂಧಿ ರಸ್ತೆಗೂ ಬಂದು ಬಿದ್ದು, ನಡುಪೇಟೆಯ ಬಾರುಗಳು ಬಾಗಿಲು ಹಾಕಿದವು. ಹಲವು ರಾಜ್ಯಗಳು ಹೆದ್ದಾರಿಯ ಹೆಸರನ್ನೇ ಕಿತ್ತುಹಾಕಿ ನಗರದ ರಸ್ತೆ ಎಂದು ಕರೆದವು. ಕೊನೆಗೆ ನಗರ ಮಿತಿಯೊಳಗೆ ಇದು ಅನ್ವಯಿಸುವುದಿಲ್ಲ ಎಂದು ಸುಪ್ರೀಂ ಕೋರ್ಟೇ ಸ್ಪಷ್ಟಪಡಿಸಬೇಕಾಯಿತು. ವಿಧಾನಸಭೆಯಲ್ಲಿ ಚರ್ಚೆಯಾಗಿದ್ದರೆ ಯಾವನೋ ಒಬ್ಬ ಶಾಸಕ ಎದ್ದುನಿಂತು ‘ನಮ್ಮೂರ ಪೇಟೆಬೀದಿಯೇ ಹೆದ್ದಾರಿ, ಏನು ಮಾಡೋಣ?’ ಎಂದು ಕೇಳಿರುತ್ತಿದ್ದ.

ನ್ಯಾಯಾಲಯವೇ ಕಾನೂನು ಮಾಡಿದ್ದುಂಟೆ?

ಕೆಲಸದ ಸ್ಥಳದಲ್ಲಿ ಹೆಣ್ಣುಮಕ್ಕಳಿಗೆ ಆಗುವ ಲೈಂಗಿಕ ಕಿರುಕುಳದ ಬಗ್ಗೆ 1997ರ ವಿಶಾಖಾ ತೀರ್ಪಿನಲ್ಲಿ ಕೊಟ್ಟ ಮಾರ್ಗಸೂಚಿಗಳು, ಸಂಸತ್ತು ಕಾಯ್ದೆ ಮಾಡುವವರೆಗೂ ಕಾನೂನಿನಂತೆಯೇ ಜಾರಿಯಲ್ಲಿದ್ದವು. ಕಾಯ್ದೆ ಬಂದದ್ದು 2013ರಲ್ಲಿ. ನಡುವಿನ ಹದಿನಾರು ವರ್ಷಗಳನ್ನು ನ್ಯಾಯಾಂಗದ ಅತಿಕ್ರಮಣ ಎನ್ನಬೇಕೋ ಶಾಸಕಾಂಗದ ಆಲಸ್ಯ ಎನ್ನಬೇಕೋ? ನಾನಂತೂ ಎರಡನೆಯದನ್ನೇ ಹೇಳುತ್ತೇನೆ.

ಎರಡೂ ಕಡೆ ಕೂತು ನೋಡಿದವರು ಯಾರಾದರೂ ಇದ್ದಾರೆಯೆ?

ಕಾರ್ಕಳ ತಾಲ್ಲೂಕಿನ ಕೌಡೂರಿನ ಕೆ.ಎಸ್. ಹೆಗ್ಡೆ ಇದ್ದರು. 1952ರಿಂದ 1957ರವರೆಗೆ ರಾಜ್ಯಸಭಾ ಸದಸ್ಯ, ನಂತರ ಮೈಸೂರು ಹೈಕೋರ್ಟಿನ ನ್ಯಾಯಮೂರ್ತಿ, 1967ರಿಂದ ಸುಪ್ರೀಂ ಕೋರ್ಟಿನಲ್ಲಿ. 1973ರ ಏಪ್ರಿಲ್ 24ರಂದು ಕೇಶವಾನಂದ ಭಾರತಿ ಪ್ರಕರಣದಲ್ಲಿ 7:6ರ ಬಹುಮತದಿಂದ, ಸಂಸತ್ತು ಸಂವಿಧಾನದ ಮೂಲ ಸ್ವರೂಪವನ್ನು ಕೆಡಿಸಲಾಗದು ಎಂದ ಏಳು ಮಂದಿಯಲ್ಲಿ ಅವರೂ ಒಬ್ಬರು. ಅರ್ಜಿದಾರ ಸ್ವಾಮೀಜಿ ಕನ್ನಡ ನೆಲವೇ ಆದ ಕಾಸರಗೋಡಿನ ಎಡನೀರು ಮಠದವರು. ತೀರ್ಪು ಬಂದ ಬೆನ್ನಲ್ಲೇ ಸರ್ಕಾರ ಜ್ಯೇಷ್ಠತೆಯಲ್ಲಿ ಮುಂದಿದ್ದ ಹೆಗ್ಡೆ, ಶೆಲಾತ್, ಗ್ರೋವರ್ ಮೂವರನ್ನೂ ದಾಟಿ ಎ.ಎನ್. ರೇ ಅವರನ್ನು ಮುಖ್ಯ ನ್ಯಾಯಮೂರ್ತಿ ಮಾಡಿತು. ಮೂವರೂ ರಾಜೀನಾಮೆ ಕೊಟ್ಟರು. 1977ರಲ್ಲಿ ಹೆಗ್ಡೆಯವರು ಬೆಂಗಳೂರು ದಕ್ಷಿಣದಿಂದ ಲೋಕಸಭೆಗೆ ಗೆದ್ದು, ಅದೇ ವರ್ಷ ಸ್ಪೀಕರ್ ಆದರು. ಸಂಸತ್ತಿಗೆ ಮಿತಿ ಹಾಕಿದ ಕೈಯೇ ಸಂಸತ್ತಿನ ಗೌರವ ಕಾಯುವ ಪೀಠಕ್ಕೂ ಬಂತು. ಮೇಲೆ ಹೇಳಿದ ಲೋಕಾಯುಕ್ತ ಸಂತೋಷ್ ಹೆಗ್ಡೆ ಅವರ ಮಗ.

ನ್ಯಾಯಮೂರ್ತಿಗಳೇ ನ್ಯಾಯಮೂರ್ತಿಗಳನ್ನು ಆರಿಸುವಾಗ ಪ್ರಾತಿನಿಧ್ಯದ ಮಾತಿಗೆ ಅರ್ಥವಿದೆಯೆ?

ಇಡೀ ವಾದದಲ್ಲಿ ಇದೇ ದುರ್ಬಲ ಕೊಂಡಿ. 1993ರ ತೀರ್ಪಿನಿಂದ ಕೊಲಿಜಿಯಂ, ಅಂದರೆ ನೇಮಕಕ್ಕೆ ಹೆಸರು ಆರಿಸುವ ಹಿರಿಯ ನ್ಯಾಯಮೂರ್ತಿಗಳ ಮಂಡಳಿ, ಬಂತು. 2014ರಲ್ಲಿ ಸಂಸತ್ತು ಹೆಚ್ಚುಕಡಿಮೆ ಸರ್ವಾನುಮತದಿಂದ, ಅರ್ಧಕ್ಕಿಂತ ಹೆಚ್ಚು ವಿಧಾನಸಭೆಗಳ ಒಪ್ಪಿಗೆಯೊಂದಿಗೆ 99ನೇ ತಿದ್ದುಪಡಿ ಮಾಡಿ ನೇಮಕಾತಿ ಆಯೋಗವನ್ನು ರಚಿಸಿತು. 2015ರ ಅಕ್ಟೋಬರ್ 16ರಂದು ಸುಪ್ರೀಂ ಕೋರ್ಟು 4:1ರಿಂದ ಅದನ್ನು ರದ್ದುಪಡಿಸಿತು. ಭಿನ್ನ ತೀರ್ಪು ಬರೆದವರು ನ್ಯಾಯಮೂರ್ತಿ ಚಲಮೇಶ್ವರ್. ಸರ್ಕಾರವೇ ಅತಿ ದೊಡ್ಡ ಕಕ್ಷಿದಾರನಾಗಿರುವಾಗ ಅದರ ಕೈಗೆ ನೇಮಕಾತಿ ಕೊಡಬಾರದು ಎಂಬ ಭಯ ನಿಜವೇ, 1973ರ ನೆನಪು ಇನ್ನೂ ಹಸಿಯಾಗಿದೆ. ಆದರೆ ಕಾರಣ ಕೊಡುವುದರಿಂದಲೇ ತನ್ನ ಅಧಿಕಾರ ಊರ್ಜಿತವಾಗುತ್ತದೆ ಎನ್ನುವ ಸಂಸ್ಥೆ, ಒಬ್ಬರನ್ನು ಏಕೆ ಆರಿಸಿತು, ಇನ್ನೊಬ್ಬರನ್ನು ಏಕೆ ಬಿಟ್ಟಿತು ಎಂಬುದಕ್ಕೆ ಮಾತ್ರ ಸರಿಯಾಗಿ ಕಾರಣ ಹೇಳದೆ ಇರುವುದು ಒಪ್ಪುವ ಮಾತಲ್ಲ.

ಪೀಠದ ಮೇಲೆ ಸಮಾಜದ ಎಲ್ಲರೂ ಕಾಣುತ್ತಾರೆಯೆ?

ಸುಪ್ರೀಂ ಕೋರ್ಟು ಶುರುವಾಗಿ 39 ವರ್ಷಗಳ ನಂತರ, 1989ರಲ್ಲಿ, ಫಾತಿಮಾ ಬೀವಿ ಅಲ್ಲಿಯ ಮೊದಲ ಮಹಿಳಾ ನ್ಯಾಯಮೂರ್ತಿಯಾದರು. ದಲಿತ ಸಮುದಾಯದ ಮೊದಲ ಮುಖ್ಯ ನ್ಯಾಯಮೂರ್ತಿ ಕೆ.ಜಿ. ಬಾಲಕೃಷ್ಣನ್ ಅಧಿಕಾರ ವಹಿಸಿಕೊಂಡದ್ದು 2007ರಲ್ಲಿ. ಕರ್ನಾಟಕದ ಬಿ.ವಿ. ನಾಗರತ್ನ ಅವರು 2021ರಲ್ಲಿ ಸುಪ್ರೀಂ ಕೋರ್ಟು ಸೇರಿದರು; ಜ್ಯೇಷ್ಠತೆಯ ಲೆಕ್ಕದಂತೆ 2027ರಲ್ಲಿ ದೇಶದ ಮೊದಲ ಮಹಿಳಾ ಮುಖ್ಯ ನ್ಯಾಯಮೂರ್ತಿ ಆಗಬೇಕಾದವರು ಅವರು, ಅದೂ ತಿಂಗಳೊಂದರ ಆಸುಪಾಸಿನ ಅವಧಿಗೆ. ಅವರ ತಂದೆ ಇ.ಎಸ್. ವೆಂಕಟರಾಮಯ್ಯ 1989ರಲ್ಲಿ ಅದೇ ಹುದ್ದೆಯಲ್ಲಿದ್ದರು.

ಬೀದರ್‌ನ ರೈತನಿಗೆ ಈ ಪ್ರಾತಿನಿಧ್ಯ ಎಷ್ಟು ಹತ್ತಿರ?

ಮೊದಲು ಸುಮಾರು 700 ಕಿಲೋಮೀಟರ್ ದೂರದ ಬೆಂಗಳೂರಿಗೆ ಬರಬೇಕಿತ್ತು. 2008ರಲ್ಲಿ ಧಾರವಾಡ ಮತ್ತು ಕಲಬುರಗಿಯಲ್ಲಿ ಸಂಚಾರಿ ಪೀಠಗಳು ಶುರುವಾಗಿ 2013ರಲ್ಲಿ ಕಾಯಂ ಆದವು. ದೂರ ಕಡಿಮೆಯಾಯಿತು, ಭಾಷೆಯ ಅಂತರ ಉಳಿಯಿತು. 348ನೇ ವಿಧಿಯಂತೆ ಹೈಕೋರ್ಟಿನ ಕಲಾಪ ಇಂಗ್ಲಿಷಿನಲ್ಲಿ. ಒಮ್ಮೆ ಪೀಠವೊಂದರ ಹಿಂದಿನ ಬೆಂಚಿನಲ್ಲಿ ನನ್ನ ಪಕ್ಕ ಕೂತಿದ್ದ ವೃದ್ಧರು ಟವೆಲ್ಲಿನಲ್ಲಿ ಸುತ್ತಿದ ಫೈಲನ್ನು ತೊಡೆಯ ಮೇಲಿಟ್ಟುಕೊಂಡು ಬೋರ್ಡಿನ ಮೇಲೆ ಓಡುವ ನಂಬರುಗಳನ್ನೇ ನೋಡುತ್ತಿದ್ದರು. ಅವರದು ಭೂಸ್ವಾಧೀನ ಪರಿಹಾರದ ಮೊಕದ್ದಮೆ. ಮಧ್ಯಾಹ್ನದ ಹೊತ್ತಿಗೆ ಕೂಗಿದರು, ಮೂರು ನಿಮಿಷ ಇಂಗ್ಲಿಷಿನಲ್ಲಿ ಮಾತಾಯಿತು, ಮುಂದಿನ ನಂಬರು ಬಂತು. ಹೊರಗೆ ಬಂದು ‘ಏನಾತ್ರೀ ಸಾಹೇಬ್ರ?’ ಎಂದರು. ‘ಸರ್ಕಾರದವ್ರು ಟೈಮ್ ಕೇಳ್ಯಾರ ಯಜಮಾನ್ರ, ನಾಕ್ ವಾರ ಬಿಟ್ಟು ಬರ್ತದ’ ಎಂದರು ವಕೀಲರು. ಅಜ್ಜ ಫೈಲನ್ನು ಮತ್ತೆ ಟವೆಲ್ಲಿನಲ್ಲಿ ಸುತ್ತಿದರು. ಕೋರ್ಟಿನಲ್ಲಿ ಗೆದ್ದವನು ಸೋತ, ಸೋತವನು ಸತ್ತ ಎಂಬ ಗಾದೆ ಸುಮ್ಮನೆ ಹುಟ್ಟಿದ್ದಲ್ಲ. ದೇಶದ ಎಲ್ಲ ಹಂತದ ನ್ಯಾಯಾಲಯಗಳಲ್ಲಿ ಬಾಕಿ ಇರುವ ಮೊಕದ್ದಮೆಗಳು ಐದು ಕೋಟಿ ದಾಟಿವೆ. ಸುಪ್ರೀಂ ಕೋರ್ಟಿನ ಕೆಲವು ತೀರ್ಪುಗಳು 2023ರಿಂದ ಕನ್ನಡದಲ್ಲೂ ಸಿಗುತ್ತಿರುವುದು ಚಿಕ್ಕದಾದರೂ ನಿಜವಾದ ಸುಧಾರಣೆ.

ನ್ಯಾಯಾಲಯ ಜನರ ಕೈಬಿಟ್ಟ ಸಂದರ್ಭಗಳಿವೆಯೆ?

ಇವೆ. ತುರ್ತು ಪರಿಸ್ಥಿತಿಯಲ್ಲಿ ವಾಜಪೇಯಿ, ಅಡ್ವಾಣಿ, ಮಧು ದಂಡವತೆ ಬೆಂಗಳೂರಿನಲ್ಲಿ ಬಂಧಿತರಾದಾಗ ಕರ್ನಾಟಕ ಹೈಕೋರ್ಟಿನ ಮೊರೆಹೋದರು. ಹಲವು ಹೈಕೋರ್ಟುಗಳು ಇಂಥ ಅರ್ಜಿಗಳನ್ನು ಕೇಳಲು ಸಿದ್ಧವಿದ್ದವು. 1976ರಲ್ಲಿ ಸುಪ್ರೀಂ ಕೋರ್ಟು ಜಬಲ್‌ಪುರ ಪ್ರಕರಣದಲ್ಲಿ ಆ ಬಾಗಿಲನ್ನು ಮುಚ್ಚಿತು, ಐವರಲ್ಲಿ ಎಚ್.ಆರ್. ಖನ್ನಾ ಒಬ್ಬರೇ ಒಪ್ಪಲಿಲ್ಲ. ಆ ತೀರ್ಪನ್ನು ಪೂರ್ತಿ ಅಳಿಸಿದ್ದು 2017ರಲ್ಲಿ, ಖಾಸಗಿತನದ ಹಕ್ಕಿನ ತೀರ್ಪಿನಲ್ಲಿ. ಆ ಮೊಕದ್ದಮೆಯ ಅರ್ಜಿದಾರ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ, 2012ರಲ್ಲಿ ಅರ್ಜಿ ಹಾಕಿದಾಗ ಅವರಿಗೆ 86 ವರ್ಷ.

ಇನ್ನೊಂದು ನಮ್ಮ ಮನೆಬಾಗಿಲಿನದು. ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ ಚುನಾಯಿತ ಸದಸ್ಯರ ಅವಧಿ 2020ರ ಸೆಪ್ಟೆಂಬರಿನಲ್ಲಿ ಮುಗಿಯಿತು. ಚುನಾವಣೆ ನಡೆಸಲು ಡಿಸೆಂಬರಿನಲ್ಲಿ ಹೈಕೋರ್ಟು ಆದೇಶಿಸಿತು, ಅದೇ ತಿಂಗಳು ಸುಪ್ರೀಂ ಕೋರ್ಟು ತಡೆ ಕೊಟ್ಟಿತು. ಮುಂದೆ ವಾರ್ಡ್ ವಿಂಗಡಣೆ, ಮೀಸಲಾತಿ ಪಟ್ಟಿ ಎನ್ನುತ್ತ ವರ್ಷಗಳೇ ಉರುಳಿದವು. ಮತ ಹಾಕುವ ಅವಕಾಶವನ್ನು ಕಾಯುವುದು ನ್ಯಾಯಾಂಗದ ಪ್ರಾತಿನಿಧಿಕ ಹೊಣೆಗಳಲ್ಲಿ ಮೊದಲನೆಯದಾಗಬೇಕಿತ್ತು. ಕೋಟಿಗೂ ಹೆಚ್ಚು ಜನರ ನಗರದಲ್ಲಿ ಬೀದಿದೀಪದ ದೂರನ್ನು ಕೇಳಲು ಒಬ್ಬ ಕಾರ್ಪೊರೇಟರ್ ಇಲ್ಲದಾಯಿತು.

ತೀರ್ಪು ಒಪ್ಪಿಗೆಯಾಗದಿದ್ದರೆ ಜನರಿಗೆ ಇರುವ ದಾರಿ ಯಾವುದು?

ಪುನರ್‌ಪರಿಶೀಲನಾ ಅರ್ಜಿ, ಅದೂ ವಜಾ ಆದರೆ ಕೊನೆಯದಾಗಿ ಕ್ಯುರೇಟಿವ್ ಅರ್ಜಿ ಇವೆ. ಅವು ಫಲಿಸುವುದು ಅಪರೂಪ. ಹೆಚ್ಚು ಫಲ ಕೊಡುವ ದಾರಿ ಶಾಸನಸಭೆಯದು. ಕರಾವಳಿಯವರಿಗೆ ಇದನ್ನು ವಿವರಿಸಬೇಕಾಗಿಲ್ಲ. 2014ರಲ್ಲಿ ಸುಪ್ರೀಂ ಕೋರ್ಟು ಜಲ್ಲಿಕಟ್ಟನ್ನು ನಿಷೇಧಿಸಿತು, 2016ರ ನವೆಂಬರಿನಲ್ಲಿ ಕರ್ನಾಟಕ ಹೈಕೋರ್ಟು ಕಂಬಳಕ್ಕೂ ತಡೆ ನೀಡಿತು. ಕೋಣಗಳು ಹಟ್ಟಿಯಲ್ಲೇ ಉಳಿದವು. ಜನ ಬೀದಿಗಿಳಿದರು, ಪಕ್ಷಭೇದವಿಲ್ಲದೆ ಶಾಸಕರು ದನಿಗೂಡಿಸಿದರು, 2017ರಲ್ಲಿ ಪ್ರಾಣಿಹಿಂಸೆ ತಡೆ ಕಾಯ್ದೆಗೆ ರಾಜ್ಯ ತಿದ್ದುಪಡಿ ತಂದಿತು. ಪ್ರಾಣಿದಯೆಯ ಸಂಘಟನೆಗಳು ಮತ್ತೆ ನ್ಯಾಯಾಲಯಕ್ಕೆ ಹೋದವು. ಅವರ ವಾದವೂ ತಳ್ಳಿಹಾಕುವಂಥದ್ದಾಗಿರಲಿಲ್ಲ, ಕೋಣಗಳಿಗೂ ಮತವಿಲ್ಲ. 2023ರ ಮೇ 18ರಂದು ಐವರು ನ್ಯಾಯಮೂರ್ತಿಗಳ ಪೀಠ ತಮಿಳುನಾಡು, ಮಹಾರಾಷ್ಟ್ರ, ಕರ್ನಾಟಕದ ತಿದ್ದುಪಡಿಗಳನ್ನು ಎತ್ತಿಹಿಡಿಯಿತು. ಜಲ್ಲಿಕಟ್ಟು ತಮ್ಮ ಸಂಸ್ಕೃತಿಯ ಭಾಗ ಎಂದು ಶಾಸನಸಭೆ ತೀರ್ಮಾನಿಸಿರುವಾಗ, ಆ ತೀರ್ಮಾನವನ್ನು ತಾನು ಕದಲಿಸುವುದಿಲ್ಲ ಎಂದು ಪೀಠ ಹೇಳಿತು.